ಕುಲಕರ್ಣಿ ಮಾಸ್ತರರು ಗಳಗನಾಥರಾದ ಬಗೆ

ಬೆಳಗಾವಿಯ ಟಿಳಕವಾಡಿಯಲ್ಲಿ ಕಲ್ಲು ಕಟ್ಟಿದ ಒಂದು ಹಳೆಯ ಬಾವಿಯಿದೆ. ಅದರ ಹತ್ತಿರವೇ ವೀರಸೌಧ. ಮಹಾತ್ಮಾ ಗಾಂಧಿಯವರು ಅಧ್ಯಕ್ಷರಾಗಿದ್ದ ಏಕೈಕ ಕಾಂಗ್ರೆಸ್ ಅಧಿವೇಶನ 1924ರ ಡಿಸೆಂಬರ್ 26 ಮತ್ತು 27ರಂದು ನಡೆದದ್ದು ಈ ಬಯಲಿನಲ್ಲಿ. ಬಂದ ಜನಕ್ಕೆ ನೀರು ಬೇಕಲ್ಲ, ಅದಕ್ಕೆಂದು ಬಾವಿ ತೋಡಿಸಿ ಪಂಪಾ ಸರೋವರ ಎಂದು ಹೆಸರಿಟ್ಟರು. ಬಯಲಿಗೆ ವಿಜಯನಗರ ಎಂದರು. ಹೆಬ್ಬಾಗಿಲಿಗೆ ಹಂಪಿಯ ವಿರೂಪಾಕ್ಷ ಗುಡಿಯ ಗೋಪುರದ ಮಾದರಿಯನ್ನು ಕಟ್ಟಿ ನಿಲ್ಲಿಸಿದರು. ಆಗ ಬೆಳಗಾವಿ ಮುಂಬಯಿ ಪ್ರಾಂತದ ಒಂದು ಜಿಲ್ಲೆ. ಕರ್ನಾಟಕ ಎಂಬ ರಾಜ್ಯ ನಕಾಶೆಯಲ್ಲಿ ಎಲ್ಲಿಯೂ ಇರಲಿಲ್ಲ.

ವಿಜಯನಗರ ಎಂದರೇನೆಂದು ಅಂದು ಬಂದಿದ್ದ ಕನ್ನಡದ ಓದುಗರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ರಾಬರ್ಟ್ ಸೀವೆಲ್ ಎಂಬ ಬ್ರಿಟಿಷ್ ಅಧಿಕಾರಿ ಆ ಸಾಮ್ರಾಜ್ಯದ ಚರಿತ್ರೆಯನ್ನು 1900ರಲ್ಲಿ ಇಂಗ್ಲಿಷಿನಲ್ಲಿ ಬರೆದಿದ್ದ. ಆಲೂರ ವೆಂಕಟರಾಯರ ‘ಕರ್ನಾಟಕ ಗತವೈಭವ’ 1917ರಲ್ಲಿ ಬಂದಿತ್ತು. ಚರಿತ್ರೆಯ ಪುಸ್ತಕ ಮುಟ್ಟದವರಿಗೂ ಹರಿಹರ, ಬುಕ್ಕ, ವಿದ್ಯಾರಣ್ಯರನ್ನು ಕಥೆಯಾಗಿ ಮುಟ್ಟಿಸಿದ್ದು 1923ರ ಒಂದು ಕಾದಂಬರಿ, ‘ಮಾಧವ ಕರುಣಾ ವಿಲಾಸ’. ಬರೆದವರು ವೆಂಕಟೇಶ ತಿರಕೋ ಕುಲಕರ್ಣಿ. ಈ ಹೆಸರು ಹೇಳಿದರೆ ಇಂದು ಕನ್ನಡ ಎಂ.ಎ. ಓದಿದವರೂ ಒಂದು ಕ್ಷಣ ತಡೆದು ಯೋಚಿಸಬೇಕಾಗುತ್ತದೆ. ಗಳಗನಾಥ ಎಂದರೆ ಸಾಕು, ಪ್ರಶ್ನೆ ಅಲ್ಲಿಗೇ ಮುಗಿಯುತ್ತದೆ.

ಗಳಗನಾಥ ಎಂಬುದು ಮೊದಲಿಗೆ ಒಂದು ಊರು. ಈಗಿನ ಹಾವೇರಿ ಜಿಲ್ಲೆಯಲ್ಲಿ ವರದೆ ಬಂದು ತುಂಗಭದ್ರೆಯನ್ನು ಕೂಡುವ ಕಡೆ, ಹೊಳೆದಂಡೆಗೆ ಚಾಲುಕ್ಯರ ಕಾಲದ ಗಳಗೇಶ್ವರ ದೇವಸ್ಥಾನವಿದೆ. ಆ ಊರಿನಲ್ಲಿ 1869ರ ಜನವರಿ 5ರಂದು ವೆಂಕಟೇಶ ಹುಟ್ಟಿದರು. ತಿರಕೋ ಎಂದರೆ ತಂದೆ ತ್ರಿವಿಕ್ರಮರ ಹೆಸರು ಊರವರ ಬಾಯಲ್ಲಿ ಸವೆದ ರೂಪ. ಕುಲಕರ್ಣಿ ಎಂಬುದು ಊರಿನ ಲೆಕ್ಕದ ದಫ್ತರ ಇಟ್ಟವರ ಅಡ್ಡಹೆಸರು. ಧಾರವಾಡ, ಬೆಳಗಾವಿ, ವಿಜಯಪುರ ಸೀಮೆಯಲ್ಲಿ ಹಳ್ಳಿಗೊಂದರಂತೆ ಕುಲಕರ್ಣಿ ಮನೆತನ ಇದ್ದೇ ಇರುತ್ತದೆ. ಅಷ್ಟೊಂದು ಕುಲಕರ್ಣಿಗಳ ನಡುವೆ ಒಬ್ಬ ಶಾಲಾ ಮಾಸ್ತರ ಕಾದಂಬರಿ ಬರೆದರೆ ಯಾವ ಕುಲಕರ್ಣಿ ಎಂದು ಕೇಳುವವರೇ ಹೆಚ್ಚು. ಊರ ದೇವರ ಹೆಸರಾದರೆ ಆ ಗೊಂದಲವಿಲ್ಲ.

ಅವರು ಮುಂಬಯಿ ಸರ್ಕಾರದ ಶಿಕ್ಷಣ ಖಾತೆಯಲ್ಲಿ ಶಿಕ್ಷಕರಾಗಿದ್ದರು. ಕನ್ನಡ ಶಾಲೆಗಳಿದ್ದವು, ಆದರೆ ಶಾಲೆ ಬಿಟ್ಟ ಮೇಲೆ ಓದಲು ಕನ್ನಡದಲ್ಲಿ ಏನಿದೆ ಎಂಬ ಪ್ರಶ್ನೆ ದೊಡ್ಡದಾಗಿತ್ತು. ಕಚೇರಿಯ ಮಾತು ಮರಾಠಿ, ನಾಟಕ ಕಂಪನಿಗಳ ಮಾತು ಮರಾಠಿ, ಪುಣೆಯಿಂದ ಬರುವ ಪತ್ರಿಕೆಗಳದೂ ಮರಾಠಿ. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದು ಈ ಕೊರತೆ ತುಂಬಲಿಕ್ಕೆ. ಸಂಘದ ‘ವಾಗ್ಭೂಷಣ’ ಪತ್ರಿಕೆ ಹೊಸ ಬರಹಗಾರರಿಗೆ ಜಾಗ ಮಾಡಿಕೊಟ್ಟಿತು. ಗಳಗನಾಥರ ಮೊದಲ ಕಾದಂಬರಿ ‘ಪ್ರಬುದ್ಧ ಪದ್ಮನಯನೆ’ ಬಂದದ್ದು 1898ರಲ್ಲಿ, ಈ ವಾತಾವರಣದಲ್ಲಿ. ಅತ್ತ ಮೈಸೂರು ಸೀಮೆಯಲ್ಲಿ ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ ಬಂಕಿಮಚಂದ್ರರನ್ನು ಕನ್ನಡಕ್ಕೆ ತರುತ್ತಿದ್ದರು. ಇತ್ತ ಗಳಗನಾಥರು ಪುಣೆಯ ಹರಿ ನಾರಾಯಣ ಆಪ್ಟೆಯವರ ಐತಿಹಾಸಿಕ ಕಾದಂಬರಿಗಳನ್ನು ಕನ್ನಡಕ್ಕೆ ಇಳಿಸಿದರು. ಕನ್ನಡ ಕಾದಂಬರಿಗೆ ಒಂದು ಬಾಗಿಲು ಕಲಕತ್ತೆಯ ಕಡೆಗೆ ತೆರೆದರೆ ಇನ್ನೊಂದು ಪುಣೆಯ ಕಡೆಗೆ ತೆರೆದಿತ್ತು.

ಇವರ ಬಾಳಿನ ನಿಜವಾದ ತಿರುವು 1907. ಹಾವೇರಿಯ ಹತ್ತಿರದ ಅಗಡಿಯಲ್ಲಿ ಶೇಷಾಚಲ ಸದ್ಗುರುಗಳ ಆನಂದವನವಿತ್ತು. ಅಲ್ಲಿಂದ ‘ಸದ್ಬೋಧ ಚಂದ್ರಿಕೆ’ ಎಂಬ ಮಾಸಪತ್ರಿಕೆ ಹೊರಟಿತು, ಸಂಪಾದಕತ್ವ ಗಳಗನಾಥರ ಹೆಗಲಿಗೆ ಬಂತು. ಮಠದ ಪತ್ರಿಕೆ ಎಂದರೆ ವೇದಾಂತ ಇರಲೇಬೇಕು. ಅದರ ಜೊತೆಗೆ ಕಂತುಕಂತಾಗಿ ಕಾದಂಬರಿಯೂ ಬಂತು. ಮುಂದಿನ ತಿಂಗಳು ಏನಾಯಿತೆಂದು ತಿಳಿಯಬೇಕಾದರೆ ಚಂದಾ ಕಟ್ಟಬೇಕು. ಒಬ್ಬ ಚಂದಾದಾರನ ಪ್ರತಿ ಅವನ ಮನೆಯಲ್ಲೇ ಉಳಿಯುವಂಥದ್ದೂ ಅಲ್ಲ. ಓದು ಬಂದವರು ಜೋರಾಗಿ ಓದುವುದು, ಉಳಿದವರು ಕೂತು ಕೇಳುವುದು ಆ ಕಾಲದ ರೂಢಿ. ಪುರಾಣ ಕೇಳಿ ಅಭ್ಯಾಸವಿದ್ದ ಕಿವಿಗಳಿಗೆ ಶಿವಾಜಿಯ ಕಾಲದ ಕೋಟೆ, ಗುಪ್ತದಾರಿ, ವೇಷ ಮರೆಸಿಕೊಂಡ ಸರದಾರ ಹೊಸ ರುಚಿ ಹತ್ತಿಸಿದರು. ಉದ್ದುದ್ದ ವಾಕ್ಯ, ನಡುನಡುವೆ ಓದುಗನನ್ನೇ ಕರೆದು ಮಾತಾಡಿಸುವ ಶೈಲಿ, ಅಲ್ಲಲ್ಲಿ ನೀತಿಯ ಉಪದೇಶ. ಇಂದಿನ ಓದುಗರಿಗೆ ಇದು ಭಾರವೆನಿಸೀತು. ಕೇಳುವವರ ಗುಂಪನ್ನು ಕಣ್ಣಮುಂದೆ ಇಟ್ಟುಕೊಂಡು ಓದಿದರೆ ಆ ಭಾರಕ್ಕೆ ಕಾರಣ ತಿಳಿಯುತ್ತದೆ.

ಪುಸ್ತಕ ಬರೆಯುವುದು ಒಂದು ಕಷ್ಟವಾದರೆ ಮಾರುವುದು ಹತ್ತು ಕಷ್ಟ. ಅಂಗಡಿಗಳಿಲ್ಲದ ಸೀಮೆಯಲ್ಲಿ ಗಳಗನಾಥರು ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿದರು. ಕಾದಂಬರಿಕಾರನೇ ಅಚ್ಚು ಹಾಕಿಸುವವನು, ಅವನೇ ಕಟ್ಟು ಕಟ್ಟುವವನು, ಅವನೇ ಮಾರುವವನು. ಈ ತಿರುಗಾಟಕ್ಕೂ ಕಾವ್ಯನಾಮಕ್ಕೂ ಸಂಬಂಧವಿದೆ. ಬಾಗಿಲಿಗೆ ಬಂದು ನಿಂತ ಮನುಷ್ಯನೇ ಗಳಗನಾಥ ಎಂದು ಕೊಳ್ಳುವವರಿಗೆ ಗೊತ್ತು. ಹೆಸರು ಮರೆಸಿಕೊಳ್ಳುವ ಪ್ರಶ್ನೆಯೇ ಅಲ್ಲಿರಲಿಲ್ಲ, ಆ ಹೆಸರನ್ನು ಊರೂರಿಗೆ ಹೊತ್ತು ಮುಟ್ಟಿಸುವುದೇ ಕೆಲಸವಾಗಿತ್ತು. ಇಪ್ಪತ್ತಕ್ಕೂ ಹೆಚ್ಚು ಕಾದಂಬರಿ ಬರೆದರು. ಹಣ ಅವರ ಕೈಯಲ್ಲಿ ನಿಲ್ಲಲಿಲ್ಲ. 1942ರ ಏಪ್ರಿಲ್‌ನಲ್ಲಿ ತೀರಿಕೊಂಡಾಗ ಅವರಿಗೆ ಎಪ್ಪತ್ತಮೂರು ದಾಟಿತ್ತು.

ಇಂಗ್ಲಿಷ್ ಕಾದಂಬರಿಯ ಕಾವ್ಯನಾಮಗಳು ಹೆಚ್ಚಾಗಿ ಬೇರೆ ಕೆಲಸ ಮಾಡಿದವು. 1847ರಲ್ಲಿ ಲಂಡನ್ನಿನಲ್ಲಿ ‘ಜೇನ್ ಐರ್’ ಬಂದಾಗ ಮುಖಪುಟದ ಮೇಲೆ ಇದ್ದ ಹೆಸರು ಕರರ್ ಬೆಲ್. ಅದು ಗಂಡಸೋ ಹೆಂಗಸೋ ಎಂದು ಹೆಸರಿನಿಂದ ತಿಳಿಯುವಂತಿರಲಿಲ್ಲ. ಯಾರ್ಕ್‌ಶೈರಿನ ಪಾದ್ರಿಯೊಬ್ಬರ ಮಗಳು ಷಾರ್ಲೆಟ್ ಬ್ರಾಂಟೆ ಅದರ ಹಿಂದೆ ಇದ್ದರು. ತಂಗಿಯರಾದ ಎಮಿಲಿ, ಆನ್ ಇಬ್ಬರೂ ಎಲ್ಲಿಸ್ ಬೆಲ್, ಆಕ್ಟನ್ ಬೆಲ್ ಎಂದು ಬರೆದರು. ಮೂರು ಹೆಸರೂ ಒಬ್ಬನದೇ ಎಂಬ ಪುಕಾರು ಎದ್ದು, ಪ್ರಕಾಶಕರಿಗೂ ತಲೆನೋವಾಗಿ, ಕೊನೆಗೆ 1848ರಲ್ಲಿ ಷಾರ್ಲೆಟ್ ಮತ್ತು ಆನ್ ರಾತ್ರಿ ರೈಲು ಹತ್ತಿ ಲಂಡನ್ನಿಗೆ ಹೋಗಿ ಪ್ರಕಾಶಕರ ಮುಂದೆ ನಿಂತರು. ತಾವು ಬೇರೆಬೇರೆ ಜನ ಎಂದು ರುಜುವಾತು ಮಾಡಬೇಕಾದರೆ ಹೀಗೆ ಖುದ್ದು ಹಾಜರಾಗುವುದೊಂದೇ ದಾರಿಯಾಗಿತ್ತು.

ಜಾರ್ಜ್ ಎಲಿಯಟ್ ಎಂಬ ಹೆಸರಿನ ಪಾಡು ಇನ್ನೂ ಸ್ವಾರಸ್ಯದ್ದು. ಮೇರಿ ಆನ್ ಇವಾನ್ಸ್ ಆ ವೇಳೆಗಾಗಲೇ ಲಂಡನ್ನಿನಲ್ಲಿ ಪತ್ರಿಕೆಯ ಕೆಲಸ, ಅನುವಾದ ಮಾಡಿ ಹೆಸರು ಮಾಡಿದ್ದವರು, ಮದುವೆಯಾಗಿ ಹೆಂಡತಿಯಿದ್ದ ಲೇಖಕನೊಬ್ಬನ ಜೊತೆ ಬಹಿರಂಗವಾಗಿ ಸಂಸಾರ ಹೂಡಿದ್ದವರು. ಆ ಹೆಸರಿನಲ್ಲಿ ಕಥೆ ಬಂದರೆ ಜನ ಕಥೆಯನ್ನು ಬಿಟ್ಟು ಸಂಸಾರವನ್ನು ಓದುತ್ತಾರೆ. 1859ರಲ್ಲಿ ‘ಆಡಂ ಬೀಡ್’ ಗೆದ್ದ ಮೇಲೆ ಅವರದೇ ಸೀಮೆಯ ಜೋಸೆಫ್ ಲಿಗಿನ್ಸ್ ಎಂಬವನು ಅದನ್ನು ಬರೆದವನೆಂದು ಸುದ್ದಿ ಹಬ್ಬಿತು. ಅದನ್ನು ಅಲ್ಲಗಳೆಯುವ ಗೋಜಿಗೆ ಅವನು ಹೋಗಲಿಲ್ಲ. ಸಲ್ಲದವನಿಗೆ ಕೀರ್ತಿ ಹೋಗುವುದನ್ನು ನೋಡಲಾರದೆ ಆಕೆ ಮುಸುಕು ತೆಗೆಯಬೇಕಾಯಿತು. ಇಷ್ಟಾದರೂ ಹಳೆಯ ಹೆಸರು ಬಿಡಲಿಲ್ಲ. ಹೈಗೇಟಿನ ಗೋರಿಯ ಮೇಲೆ ಕಾವ್ಯನಾಮವೇ ಮೊದಲಿದೆ.

ಗಳಗನಾಥರಿಗೆ ಹತ್ತಿರ ಬರುವವರು ಇವರಾರೂ ಅಲ್ಲ. ಬಿಹಾರದ ಮೋತಿಹಾರಿಯಲ್ಲಿ, ಅಫೀಮು ಖಾತೆಯ ನೌಕರನ ಮಗನಾಗಿ 1903ರಲ್ಲಿ ಹುಟ್ಟಿದ ಎರಿಕ್ ಬ್ಲೇರ್ ಹತ್ತಿರ ಬರುತ್ತಾರೆ. ಬರ್ಮಾದಲ್ಲಿ ಪೊಲೀಸ್ ಅಧಿಕಾರಿಯಾಗಿದ್ದು, ಕೆಲಸ ಬಿಟ್ಟು, ಪ್ಯಾರಿಸ್ಸಿನಲ್ಲಿ ಹೋಟೆಲಿನ ತಟ್ಟೆ ತೊಳೆದು, ಲಂಡನ್ನಿನಲ್ಲಿ ಅಲೆಮಾರಿಗಳ ಜೊತೆ ಮಲಗೆದ್ದು ಬರೆದ ಪುಸ್ತಕ 1933ರಲ್ಲಿ ಅಚ್ಚಾಗುವ ಹೊತ್ತಿಗೆ ಮನೆಯವರಿಗೆ ಮುಜುಗರವಾಗಬಾರದೆಂದು ಬೇರೆ ಹೆಸರು ಬೇಕಾಯಿತು. ನಾಲ್ಕು ಹೆಸರುಗಳ ಪಟ್ಟಿ ಕಳಿಸಿದರು. ಆಯ್ಕೆಯಾದದ್ದು ಜಾರ್ಜ್ ಆರ್ವೆಲ್. ಆರ್ವೆಲ್ ಎಂಬುದು ಅವರ ತಂದೆತಾಯಿ ನೆಲೆಸಿದ್ದ ಸಫೊಲ್ಕ್ ಸೀಮೆಯ ಒಂದು ನದಿ. ಹೊಳೆದಂಡೆಯ ಊರನ್ನು ಹೆಸರಾಗಿಸಿಕೊಂಡ ಕನ್ನಡ ಮಾಸ್ತರರು ಇದಕ್ಕೆ ಮೂವತ್ತೈದು ವರ್ಷ ಮೊದಲೇ ಕಾದಂಬರಿ ಅಚ್ಚು ಹಾಕಿಸಿದ್ದರು. ಒಂದೇ ವ್ಯತ್ಯಾಸ: ಬ್ಲೇರ್ ಮನೆಯವರಿಂದ ದೂರ ನಿಲ್ಲಲು ನದಿಯ ಹೆಸರು ಹಿಡಿದರು, ಕುಲಕರ್ಣಿಯವರು ಊರಿಗೆ ಇನ್ನಷ್ಟು ಅಂಟಿಕೊಳ್ಳಲು ಊರಿನ ಹೆಸರು ಹಿಡಿದರು.

ಉತ್ತರ ಕರ್ನಾಟಕದ ಕಾವ್ಯನಾಮಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಒಂದು ಜಾಡು ಕಾಣುತ್ತದೆ. ಅಡ್ಡಹೆಸರುಗಳು ಬಹುಪಾಲು ದಫ್ತರದಿಂದ ಬಂದವು, ಇಲ್ಲವೆ ವಲಸೆ ಬಂದ ಊರಿನಿಂದ ಬಂದವು. ಕಾವ್ಯನಾಮಗಳು ದೇವರಿಂದಲೋ ತಾಯಿಯಿಂದಲೋ ಬಂದವು. ‘ಶ್ರೀರಂಗ’ ಎಂದು ನಾಟಕ, ಕಾದಂಬರಿ ಬರೆದವರು ಧಾರವಾಡದ ಕರ್ನಾಟಕ ಕಾಲೇಜಿನ ಸಂಸ್ಕೃತ ಪ್ರಾಧ್ಯಾಪಕ ಆರ್.ವಿ. ಜಾಗೀರದಾರ. ಜಾಗೀರಿನ ನೆನಪು ತರುವ ಆ ಅಡ್ಡಹೆಸರನ್ನು ಅವರು ಮುಂದೆ ಕೈಬಿಟ್ಟು ಆದ್ಯ ರಂಗಾಚಾರ್ಯರಾದರು. ಅವರ ‘ವಿಶ್ವಾಮಿತ್ರನ ಸೃಷ್ಟಿ’ ಕಾದಂಬರಿ 1934ರದು. ‘ಅಂಬಿಕಾತನಯದತ್ತ’ರು ಕಾದಂಬರಿಕಾರರಲ್ಲ, ಆದರೂ ತಾಯಿಯ ಹೆಸರನ್ನು ಮುಂದಿಟ್ಟುಕೊಂಡ ಬೇಂದ್ರೆಯವರನ್ನು ಬಿಟ್ಟು ಈ ಮಾತು ಮುಗಿಯುವುದಿಲ್ಲ. ಅವರ ಗೆಳೆಯರ ಗುಂಪಿನಲ್ಲಿ ಕಾವ್ಯನಾಮವಿಲ್ಲದವರನ್ನೇ ಹುಡುಕಬೇಕು. ವಿ.ಕೃ. ಗೋಕಾಕರು ‘ವಿನಾಯಕ’, ಅವರ ಕಾದಂಬರಿ ‘ಸಮರಸವೇ ಜೀವನ’. ಸಾಂಗಲಿಯ ವಿಲಿಂಗ್ಡನ್ ಕಾಲೇಜಿನಲ್ಲಿ ಕನ್ನಡ ಕಲಿಸಿದ ರಂ.ಶ್ರೀ. ಮುಗಳಿಯವರು ‘ರಸಿಕರಂಗ’, ಅವರ ಕಾದಂಬರಿಗಳು ‘ಬಾಳುರಿ’, ‘ಕಾರಣಪುರುಷ’, ‘ಅನ್ನ’. ವಿಜಯಪುರ ಜಿಲ್ಲೆಯ ಹಲಸಂಗಿಯಿಂದ ಬಂದ ಚೆನ್ನಮಲ್ಲಪ್ಪ ಗಲಗಲಿಯವರು ‘ಮಧುರಚೆನ್ನ’.

ಮಂಗಳಾಚರಣೆಯ ವಾಸನೆಯಿಲ್ಲದ ಹೆಸರೊಂದು ಈ ಸಾಲಿನಲ್ಲಿದೆ. ಜಮಖಂಡಿ ಸೀಮೆಯ ಆರ್.ಬಿ. ಕುಲಕರ್ಣಿಯವರು ಇಟ್ಟುಕೊಂಡ ಕಾವ್ಯನಾಮ ‘ರಾವಬಹಾದ್ದೂರ’. ಬ್ರಿಟಿಷ್ ಸರ್ಕಾರ ತನಗೆ ಬೇಕಾದ ವಕೀಲರಿಗೂ ಮಾಮಲೇದಾರರಿಗೂ ಕೊಡುತ್ತಿದ್ದ ಬಿರುದು ಅದು. ಆರ್, ಬಿ ಎರಡೂ ಅಕ್ಷರ ಅದರಲ್ಲಿ ಬಂದುಹೋದವು. 1957ರಲ್ಲಿ ಬಂದ ಅವರ ‘ಗ್ರಾಮಾಯಣ’ ಪಾದಳ್ಳಿ ಎಂಬ ಹಳ್ಳಿಯ ಕಥೆ. ಗೌಡಕಿ, ಕುಲಕರ್ಣಿಕಿ, ಜಗಳ, ಹಾದರ, ಬರ, ರೋಗರುಜಿನಗಳ ನಡುವೆ ಒಂದು ಊರು ಕಣ್ಣೆದುರಿಗೇ ಕುಸಿಯುವ ಕಥೆ. ಕನ್ನಡದ ಪ್ರಾದೇಶಿಕ ಕಾದಂಬರಿಗಳ ಮಾತು ಬಂದಾಗ ಇಂದಿಗೂ ಮೊದಲ ಸಾಲಿನಲ್ಲಿ ನಿಲ್ಲುತ್ತದೆ. ಹಳ್ಳಿಯನ್ನು ಇಷ್ಟು ನಿರ್ದಾಕ್ಷಿಣ್ಯವಾಗಿ ಬರೆದವನ ಹೆಸರು ದರ್ಬಾರಿನ ಬಿರುದಿನಂತೆ ಕೇಳುವುದು ಈ ಕಾದಂಬರಿಯ ಮೊದಲ ನಗೆಮಾತು.

ಬೆಳಗಾವಿಗೆ ಮರಳೋಣ. 1929ರಲ್ಲಿ ಇಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಸೇರಿದಾಗ ಅಧ್ಯಕ್ಷರಾಗಿ ಬಂದವರು ‘ಶ್ರೀನಿವಾಸ’, ಅಂದರೆ ಮಾಸ್ತಿ ವೆಂಕಟೇಶ ಅಯ್ಯಂಗಾರ್. ಆಗ ಅವರು ಮೈಸೂರು ಸರ್ಕಾರದ ಅಧಿಕಾರಿ. ‘ಚೆನ್ನಬಸವನಾಯಕ’, ‘ಚಿಕವೀರ ರಾಜೇಂದ್ರ’ ಎಂಬ ದೊಡ್ಡ ಕಾದಂಬರಿಗಳು ಬರಲು ಇನ್ನೂ ಬಹಳ ವರ್ಷ ಇತ್ತು. ಸರ್ಕಾರಿ ನೌಕರಿಯಲ್ಲಿದ್ದವರಿಗೆ ಕಾವ್ಯನಾಮ ಕಚೇರಿ ಮತ್ತು ಬರವಣಿಗೆಯ ನಡುವೆ ಒಂದು ಸಭ್ಯ ಅಂತರ ಕೊಡುತ್ತಿತ್ತು ಎನ್ನುವುದು ಸರಿಯೇ. ಅದನ್ನು ಗುಟ್ಟು ಎನ್ನಲಾಗದು. ಗುಟ್ಟಾಗಿದ್ದರೆ ಸಮ್ಮೇಳನದ ವೇದಿಕೆ ಹತ್ತುವುದುಂಟೇ?

ಇದೇ ಜಿಲ್ಲೆಯ ಗೋಕಾಕ ತಾಲೂಕಿನ ಬೆಟಗೇರಿಯಲ್ಲಿ 1900ರ ಏಪ್ರಿಲ್ 16ರಂದು ಹುಟ್ಟಿದ ಕೃಷ್ಣಶರ್ಮರು ‘ಆನಂದಕಂದ’ರಾದರು. ಬಡತನದ ಮನೆ, ಚಿಕ್ಕ ವಯಸ್ಸಿಗೇ ತಂದೆತಾಯಿಯ ಅಗಲಿಕೆ, ಮುಲ್ಕಿ ಪರೀಕ್ಷೆಯವರೆಗಿನ ಓದು. ಅಲ್ಲಿಂದ ಮುಂದಿನ ವಿದ್ಯೆಯೆಲ್ಲ ಧಾರವಾಡದಲ್ಲಿ, ಗೆಳೆಯರ ಗುಂಪಿನಲ್ಲಿ, ಪತ್ರಿಕೆಗಳ ಕಚೇರಿಯಲ್ಲಿ. ಆಲೂರರ ‘ಜಯಕರ್ನಾಟಕ’ದಲ್ಲಿ ದುಡಿದು, 1938ರಲ್ಲಿ ‘ಜಯಂತಿ’ ಎಂಬ ತಮ್ಮದೇ ಮಾಸಪತ್ರಿಕೆ ಹೂಡಿ, ಇಪ್ಪತ್ತಕ್ಕೂ ಹೆಚ್ಚು ವರ್ಷ ನಡೆಸಿದರು. ಹೊಸಬರ ಕವಿತೆ ತಿದ್ದುವುದು, ಅಚ್ಚುಕೂಟಕ್ಕೆ ಓಡಾಡುವುದು, ಚಂದಾ ಹಣಕ್ಕೆ ಕಾಗದ ಬರೆಯುವುದು ಇವುಗಳ ನಡುವೆ ಅವರು ಐದು ಕಾದಂಬರಿ ಬರೆದರು.

ಜನ ಅವರನ್ನು ನೆನೆಯುವುದು ಹಾಡುಗಳಿಗಾಗಿ. ಬೆಳಗಾವಿ ಸೀಮೆಯ ಹೆಣ್ಣುಮಕ್ಕಳ ಬಾಯಿಮಾತು, ಬೀಸುವಾಗ ಕುಟ್ಟುವಾಗ ಹೇಳುವ ಪದಗಳ ಲಯ ಅವರ ಕವಿತೆಗೆ ಬಂದಂತೆ ಹೆಚ್ಚು ಜನರ ಕವಿತೆಗೆ ಬಂದಿಲ್ಲ. ಆದರೆ ಕಾದಂಬರಿಯ ಲೆಕ್ಕದಲ್ಲಿ ಅವರು ಗಳಗನಾಥರ ನೇರ ವಾರಸುದಾರರು. ‘ರಾಜಯೋಗಿ’, ‘ಅಶಾಂತಿಪರ್ವ’, ‘ಮಲ್ಲಿಕಾರ್ಜುನ’ ಈ ಮೂರಕ್ಕೂ ವಸ್ತು ಇತಿಹಾಸದ್ದು. ‘ಸುದರ್ಶನ’, ‘ಮಗಳ ಮದುವೆ’ ಅವರ ಕಾಲದ ಸಂಸಾರದ ಕಥೆಗಳು. ಗಳಗನಾಥರಲ್ಲಿ ಗ್ರಾಂಥಿಕವಾಗಿದ್ದ ಕನ್ನಡ ಇವರಲ್ಲಿ ಹಳ್ಳಿಯ ಕಟ್ಟೆಗೆ ಇಳಿದು ಕೂರುತ್ತದೆ. ಈ ಇಬ್ಬರ ನಡುವೆ 1936 ಬಂದುಹೋಗಿತ್ತು. ಆ ವರ್ಷ ವಿಜಯನಗರ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವ ಹಂಪಿಯಲ್ಲಿ ನಡೆದು, ಧಾರವಾಡದಿಂದ ದೊಡ್ಡ ಸ್ಮಾರಕ ಸಂಪುಟವೂ ಹೊರಬಂದಿತ್ತು. ಏಕೀಕರಣ ಬೇಡುವವರಿಗೆ ವಿಜಯನಗರ ಕಳೆದುಹೋದ ಆಸ್ತಿಯ ಖರೀದಿಪತ್ರದಂತೆ ಒದಗಿತು. ಆ ಪತ್ರವನ್ನು ಓದಿ ಹೇಳಿದವರಲ್ಲಿ ಕಾವ್ಯನಾಮದ ಕಾದಂಬರಿಕಾರರೇ ಮುಂದೆ ಇದ್ದರು.

ಮುಸುಕಾಗಿಯೇ ಕೆಲಸ ಮಾಡಿದ ಕಾವ್ಯನಾಮಗಳು ಕನ್ನಡದಲ್ಲಿ ಇಲ್ಲವೆಂದಲ್ಲ. ದಕ್ಷಿಣ ಕನ್ನಡದ ಕುಳಕುಂದ ಶಿವರಾಯರು ಕಮ್ಯುನಿಸ್ಟ್ ಕಾರ್ಯಕರ್ತರಾಗಿ ಭೂಗತರಾಗಿದ್ದವರು. ಅವರ ‘ನಿರಂಜನ’ ಎಂಬ ಹೆಸರಿಗೆ ನಿಜವಾಗಿಯೂ ಪೊಲೀಸರ ಕಣ್ಣು ತಪ್ಪಿಸಿದ ಬಾಳಿನ ಹಿನ್ನೆಲೆಯಿದೆ. ಓದಿದ್ದು ನೀಲೇಶ್ವರದಲ್ಲಿ. ಪಕ್ಕದ ಕಯ್ಯೂರಿನ ರೈತ ಹೋರಾಟದಲ್ಲಿ ನಾಲ್ವರು ತರುಣರನ್ನು 1943ರ ಮಾರ್ಚ್ 29ರಂದು ಗಲ್ಲಿಗೇರಿಸಿದರು. ಅದೇ ವಸ್ತುವಿನ ‘ಚಿರಸ್ಮರಣೆ’ 1955ರಲ್ಲಿ ಬಂತು, ಮಲಯಾಳಕ್ಕೂ ಹೋಗಿ ಅಲ್ಲಿನ ಮನೆಮಾತಾಯಿತು. ನಿರಂಜನ ಎಂಬ ಹೆಸರಿನ ಮುಂದಿನ ಕಥೆ ಇನ್ನೂ ಚೆಂದ. ಹೆಂಡತಿ, ವೈದ್ಯೆ ವೆಂಕಟಲಕ್ಷ್ಮಿಯವರು ‘ಅನುಪಮಾ ನಿರಂಜನ’ ಎಂದು ಕಾದಂಬರಿ ಬರೆದರು. ಮಕ್ಕಳಾದ ತೇಜಸ್ವಿನಿ, ಸೀಮಂತಿನಿ ಇಬ್ಬರೂ ನಿರಂಜನ ಎಂಬುದನ್ನೇ ಮನೆತನದ ಹೆಸರಾಗಿ ಇಟ್ಟುಕೊಂಡರು. ಪೊಲೀಸರ ಪಟ್ಟಿಯ ಕಾಲದಲ್ಲಿ ಹುಟ್ಟಿದ ಹೆಸರು ಒಂದೇ ತಲೆಮಾರಿನಲ್ಲಿ ಅಡ್ಡಹೆಸರಾಗಿ ನಿಂತಿತು!

ಹೆಂಗಸರ ಮಾತು ಬೇರೆ. ಅನಸೂಯಾ ಶಂಕರ್ ಅವರು ‘ತ್ರಿವೇಣಿ’ಯಾಗಿ ಬರೆದರು. ಹೆಣ್ಣಿನ ಹೆಸರನ್ನು ಬಿಟ್ಟು ಗಂಡಿನ ಹೆಸರು ಹಿಡಿಯುವ ಅಗತ್ಯ ಅವರಿಗೆ ಬೀಳಲಿಲ್ಲ. ಎಲಿಯಟ್ ಲಂಡನ್ನಿನಲ್ಲಿ ಎದುರಿಸಿದ ಪ್ರಶ್ನೆಗೆ 1950ರ ದಶಕದ ಮೈಸೂರಿನಲ್ಲಿ ಬಂದ ಉತ್ತರ ಇದು. ಹೆಣ್ಣಿನ ಮನೋರೋಗ, ಬಾಣಂತಿತನದ ಹುಚ್ಚು, ಗಂಡನ ಅನುಮಾನ ಇವನ್ನು ಹೆಣ್ಣಿನ ಹೆಸರಿನಲ್ಲೇ ಬರೆದು ಗೆದ್ದರು. 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡರು. ಪುಟ್ಟಣ್ಣ ಕಣಗಾಲರ ‘ಬೆಳ್ಳಿಮೋಡ’ (1967) ಮತ್ತು ‘ಶರಪಂಜರ’ (1971) ಚಿತ್ರಗಳು ಬಂದು ತ್ರಿವೇಣಿ ಎಂಬ ಹೆಸರು ಕಾದಂಬರಿ ಓದದವರಿಗೂ ಗೊತ್ತಾಗುವಾಗ ಅವರು ಇರಲಿಲ್ಲ.

ಬೆಳಗಾವಿ ಸೀಮೆಯ ಮುಂದಿನ ಕಾದಂಬರಿಕಾರರು ಕಾವ್ಯನಾಮ ಬಿಟ್ಟರು. ಶೇಡಬಾಳದ ಮಿರ್ಜಿ ಅಣ್ಣಾರಾಯರ ‘ನಿಸರ್ಗ’ 1945ರಲ್ಲಿ ಅವರ ಹೆಸರಿನಲ್ಲೇ ಬಂತು. ಗೋಕಾಕ ತಾಲೂಕಿನ ಬಸವರಾಜ ಕಟ್ಟೀಮನಿಯವರು ‘ಮಾಡಿ ಮಡಿದವರು’ ಬರೆದದ್ದೂ, 1980ರಲ್ಲಿ ಬೆಳಗಾವಿಯ ಸಮ್ಮೇಳನಕ್ಕೆ ಅಧ್ಯಕ್ಷರಾದದ್ದೂ ಕಟ್ಟೀಮನಿಯಾಗಿಯೇ. ಗೋಕಾಕದಲ್ಲಿ ಶಿಕ್ಷಕರಾಗಿದ್ದ ಕೃಷ್ಣಮೂರ್ತಿ ಪುರಾಣಿಕರ ಕಾದಂಬರಿಗಳು ‘ಕುಲವಧು’, ‘ಸನಾದಿ ಅಪ್ಪಣ್ಣ’ ಎಂದು ತೆರೆಗೆ ಬಂದವು. ಆ ಕಾಲದ ಪ್ರಗತಿಶೀಲ ಬರಹಗಾರರಿಗೆ ಲೇಖಕ ಎಂದರೆ ತನ್ನ ಹೆಸರು, ವಿಳಾಸ ಸಮೇತ ನಿಂತು ಮಾತಿಗೆ ಜವಾಬ್ದಾರನಾಗುವ ಮನುಷ್ಯ. ಅದರ ಜೊತೆಗೆ ಕಾದಂಬರಿಯಿಂದ ಒಂದಿಷ್ಟು ಹಣವೂ ಹುಟ್ಟತೊಡಗಿತ್ತು. ಪ್ರಕಾಶಕರ ಕರಾರು, ಚಿತ್ರದ ಹಕ್ಕು ಎಲ್ಲಕ್ಕೂ ದಾಖಲೆಯ ಹೆಸರು ಬೇಕು. ದೇವರ ಹೆಸರಿನಲ್ಲಿ ರಸೀದಿ ಬರೆಯುವುದು ತೊಡಕಿನ ವ್ಯವಹಾರ.

ಊರಿನ ಮರಾಠಿ ಓಣಿಗಳಲ್ಲಿ ಇದಕ್ಕೆ ಒಂದು ಅಪವಾದ ಬೆಳೆಯುತ್ತಿತ್ತು. ಬೆಳಗಾವಿಯಲ್ಲೇ ಬಾಳಿದ ಮರಾಠಿ ಕವಯಿತ್ರಿ ಇಂದಿರಾ ಸಂತರ ಮಗ ತಾಯಿಯ ತವರಿಗೆ ದತ್ತು ಹೋದವರು. ದಾಖಲೆಗಳಲ್ಲಿ ಅವರು ಭಾಲಚಂದ್ರ ದೀಕ್ಷಿತ, ಕರಾಡದ ಕಾಲೇಜಿನಲ್ಲಿ ಭೂವಿಜ್ಞಾನದ ಪ್ರಾಧ್ಯಾಪಕ. ಕಥೆ ಬರೆಯುವಾಗ ಮಾತ್ರ ಹುಟ್ಟಿದ ಮನೆಯ ಹೆಸರಿಗೆ ಮರಳಿ ಪ್ರಕಾಶ ನಾರಾಯಣ ಸಂತ ಆಗುತ್ತಿದ್ದರು. ಲಂಪನ್ ಎಂಬ ಹುಡುಗನ ಸುತ್ತ ಹೆಣೆದ ಅವರ ಕಥೆಗಳ ಮೊದಲ ಸಂಕಲನ ‘ವನವಾಸ’ 1994ರದು. ‘ಶಾರದಾ ಸಂಗೀತ’, ‘ಪಂಖಾ’, ‘ಝುಂಬರ್’ ಅದರ ಹಿಂದೆ ಬಂದವು. ಕನ್ನಡ ಬೆರೆತ ಮರಾಠಿ ಆಡುವ ಗಡಿನಾಡಿನ ಊರು, ಅಜ್ಜ-ಅಜ್ಜಿಯ ಮನೆಯಲ್ಲಿ ಬೆಳೆಯುವ ಹುಡುಗ. ಪುಣೆಯ ಓದುಗರಿಗೆ ಆ ಭಾಷೆ ಹೊಸದು. ಟಿಳಕವಾಡಿಯವರಿಗೆ ಅದು ರೈಲ್ವೆ ಗೇಟಿನ ಹತ್ತಿರ ದಿನಾ ಕಿವಿಗೆ ಬೀಳುವ ಮಾತು.

ಟಿಳಕವಾಡಿಯಿಂದ ಹೊರಡುವ ಖಾನಾಪುರ ರಸ್ತೆಯನ್ನೇ ಹಿಡಿದು ಖಾನಾಪುರ, ಲೋಂಡಾ, ರಾಮನಗರ ದಾಟಿದರೆ ಕಾಡಿನ ನಡುವೆ ಜಗಲಬೇಟ ಸಿಗುತ್ತದೆ. ಇಂಗ್ಲಿಷಿನಲ್ಲಿ ಬರೆದು ಲಂಡನ್ನಿನ ಪ್ರಕಾಶಕರನ್ನು ಗೆದ್ದ ಮನೋಹರ ಮಾಳಗಾಂವಕರ ಅಲ್ಲಿಯ ಬಂಗಲೆಯಲ್ಲಿ ಬಾಳಿ, 2010ರ ಜೂನ್‌ನಲ್ಲಿ ತೊಂಬತ್ತಾರರ ವಯಸ್ಸಿಗೆ ಅಲ್ಲೇ ತೀರಿಕೊಂಡರು. ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲೈಟ್ ಇನ್‌ಫಂಟ್ರಿಯ ಲೆಫ್ಟಿನೆಂಟ್ ಕರ್ನಲ್, ಬೇಟೆಗಾರ, ಮ್ಯಾಂಗನೀಸ್ ಗಣಿಯ ಮಾಲೀಕ, ಚುನಾವಣೆಗೆ ನಿಂತು ಸೋತವರು. ನಲವತ್ತೇಳನೇ ವಯಸ್ಸಿನಲ್ಲಿ, 1960ರಲ್ಲಿ, ಮೊದಲ ಕಾದಂಬರಿ ‘ಡಿಸ್ಟಂಟ್ ಡ್ರಮ್’ ಬಂತು. ಸಂಸ್ಥಾನಗಳ ಅಳಿವನ್ನು ಬರೆದ ‘ದ ಪ್ರಿನ್ಸಸ್’ 1963ರದು, ದೇಶವಿಭಜನೆಯ ‘ಎ ಬೆಂಡ್ ಇನ್ ದ ಗ್ಯಾಂಜಸ್’ 1964ರದು. ಎಲ್ಲವೂ ಅವರ ಸ್ವಂತ ಹೆಸರಿನಲ್ಲೇ ಬಂದವು. ಇಂಗ್ಲಿಷ್ ಓದುಗರಿಗೆ ಉಚ್ಚರಿಸಲು ಕಷ್ಟವಾಗುವ ಹೆಸರನ್ನು ಬದಲಿಸುವ ಯೋಚನೆ ಮಾಡಲಿಲ್ಲ. ಆ ಕಾಡಿನಲ್ಲಿ ಕೂತ ಮನುಷ್ಯನಿಗೆ ಮರೆಯಾಗಲು ಬೇರೆ ಹೆಸರೇಕೆ ಬೇಕು?

ಇಂಗ್ಲಿಷಿನಲ್ಲಿ ಮುಸುಕಿನ ಆಟ ಇನ್ನೂ ನಡೆದೇ ಇದೆ. ಡೋರಿಸ್ ಲೆಸ್ಸಿಂಗ್ 1980ರ ದಶಕದ ಆರಂಭದಲ್ಲಿ ಜೇನ್ ಸೋಮರ್ಸ್ ಎಂಬ ಹೆಸರಿನಲ್ಲಿ ಕಾದಂಬರಿ ಕಳಿಸಿದಾಗ ಅವರದೇ ಹಳೆಯ ಪ್ರಕಾಶಕರು ಹಸ್ತಪ್ರತಿಯನ್ನು ವಾಪಸು ಕಳಿಸಿದ್ದರು. ಹೆಸರಿಲ್ಲದವರ ಬರಹಕ್ಕೆ ಏನಾಗುತ್ತದೆಂದು ತೋರಿಸುವುದೇ ಅವರ ಉದ್ದೇಶವಾಗಿತ್ತು. ಜೆ.ಕೆ. ರೌಲಿಂಗ್ 2013ರಲ್ಲಿ ರಾಬರ್ಟ್ ಗಾಲ್‌ಬ್ರೇತ್ ಆಗಿ ಬರೆದ ಪತ್ತೇದಾರಿ ಕಾದಂಬರಿಯ ಗುಟ್ಟು ಮೂರು ತಿಂಗಳಲ್ಲಿ ರಟ್ಟಾಗಿ, ಸಾಧಾರಣವಾಗಿ ಮಾರಾಟವಾಗುತ್ತಿದ್ದ ಪುಸ್ತಕ ಒಂದೇ ದಿನದಲ್ಲಿ ಪಟ್ಟಿಯ ತುದಿಗೇರಿತು.

ಗುಟ್ಟಿಗೂ ಗೊತ್ತಿರುವುದಕ್ಕೂ ಇರುವ ಅಂತರವನ್ನು ಕಾನೂನು ಬೇರೆ ಲೆಕ್ಕದಲ್ಲಿ ಇಟ್ಟಿದೆ. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ, ಬರೆದವರು ಯಾರೆಂದು ತಿಳಿಯದ ಕಾವ್ಯನಾಮದ ಕೃತಿಗೆ ಹಕ್ಕು ಪ್ರಕಟಣೆಯ ನಂತರ 60 ವರ್ಷ. ಬರೆದವರ ಗುರುತು ಬಯಲಾಗಿದ್ದರೆ ಅವರು ತೀರಿಕೊಂಡ ಮೇಲೆ 60 ವರ್ಷ. ಉತ್ತರ ಕರ್ನಾಟಕದ ಕಾವ್ಯನಾಮಗಳೆಲ್ಲ ಎರಡನೆಯ ಲೆಕ್ಕಕ್ಕೇ ಸೇರುತ್ತವೆ. ಹೀಗಾಗಿ 1942ರಲ್ಲಿ ತೀರಿಕೊಂಡ ಗಳಗನಾಥರ ಕೃತಿಗಳನ್ನು 2003ರಿಂದ ಯಾರು ಬೇಕಾದರೂ ಅಚ್ಚು ಹಾಕಿಸಬಹುದು. 1982ರಲ್ಲಿ ತೀರಿಕೊಂಡ ಆನಂದಕಂದರ ‘ರಾಜಯೋಗಿ’ಗೆ 2042 ಮುಗಿಯುವವರೆಗೆ ವಾರಸುದಾರರ ಒಪ್ಪಿಗೆ ಬೇಕು.